ವಾರ್ಡೊ ಬಂದರಿನ ತಕ್ಕಡಿ

ಹಳೆಯ ಕಂಪ್ಯೂಟರು ಸತ್ತದ್ದು ಮಂಗಳವಾರ.
ಉಪ್ಪುಗಾಳಿ ಕುಡಿದೂ ಕುಡಿದೂ ಅದರ ಫ್ಯಾನು
ಕಡಲಹಕ್ಕಿಯ ಹಾಗೆ ಕಿರುಚಿ ನಿಂತಿತು.
ಮೀನಿನ ತೂಕ ಬರೆದಿಡುವ ಪ್ರೋಗ್ರಾಮಿಗೋ
ಬೇರೆ ಮನೆ ಒಗ್ಗದು.
ವಿಂಡೋಸ್ ಎಕ್ಸ್‌ಪಿಯೇ ಆಗಬೇಕು, ಬೇರೆ ಕಡೆ ನೀರೂ ಮುಟ್ಟದು.
ಅದನ್ನು ಬರೆದವನು ಬೋಡೊ ಸೇರಿ
ಈಗ ಬೇಲಿ ಮಾರುತ್ತಾನಂತೆ.
ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್.
ಇನ್ನು ಹತ್ತು ದಿನಕ್ಕೆ ಕಾಡ್ ಮೀನಿನ ಹಂಗಾಮು.

ಹೊತ್ತು ಮೂಡದ ತಿಂಗಳು. ಮಟಮಟ ಮಧ್ಯಾಹ್ನ
ದಿಗಂತದಲ್ಲಿ ಒಂದಿಷ್ಟು ನೀಲಿ,
ತೊಳೆದ ಬಾಣಲೆಯ ಅಂಚಿನಷ್ಟು.
ಕಾಫಿ ಇಟ್ಟುಕೊಂಡು ಕೂತೆ.
ವರ್ಟ್-ಮ್ಯಾನೇಜರ್ ಬೇಕೆಂದು ಒಂದು ಸಾಲು ಬರೆದದ್ದೇ ತಡ
ತೊಂಬತ್ತೊಂದು ಪೊಟ್ಟಣ ಬಂದಿಳಿದವು,
ದೋಣಿಯಿಂದ ಹುಡುಗರು ಡಬ್ಬ ದಾಟಿಸುವ ಹಾಗೆ
ಕೈಯಿಂದ ಕೈಗೆ.
ಕಿಟಕಿ ತೆರೆಯಿತು. ಬಿಳಿ. ಖಾಲಿ.
ನಡುವೆ ಒಂದೇ ಮಾತು: ಅನುಮತಿಯಿಲ್ಲ.

ನನ್ನ ದುಡ್ಡು, ನನ್ನ ಯಂತ್ರ, ನನಗೇ ಅನುಮತಿಯಿಲ್ಲ!
ಲಿಬ್‌ವರ್ಟ್ ಅಂತೊಂದು ಗುಂಪಿದೆ,
ಅದಕ್ಕೆ ಹೆಸರು ಸೇರಿಸಿಕೋ ಅಂದಿತು ಕೈಪಿಡಿ.
ಸೇರಿಸಿದೆ. ಆಗಲೂ ಇಲ್ಲ.
ಹೊರಗೆ ಹೋಗಿ ಮತ್ತೆ ಒಳಗೆ ಬಾ,
ಅಲ್ಲಿಯವರೆಗೆ ಸೇರಿದ್ದು ಸೇರಿದ ಹಾಗಲ್ಲ.

ನಗು ಬಂತು. ಈ ದ್ವೀಪವೂ ಹಾಗೇ ಮಾಡಿತ್ತು.
ಬುಗೊಯ್ನೆಸ್‌ನಿಂದ ಮದುವೆಯಾಗಿ ಬಂದವಳ ಜೊತೆ
ಏಳು ವರ್ಷ ಅಂಗಡಿಯಲ್ಲಿ ಎಲ್ಲರೂ
ಗಾಳಿಯ ವಿಷಯ ಮಾತ್ರ ಆಡಿದರು.
ಮದುವೆ ಮುರಿಯಿತು, ಟ್ರೊಮ್ಸೊಗೆ ಹೋದೆ.
ಎರಡು ಚಳಿಗಾಲ ಕಳೆದು ಮರಳಿ ಬಂದೆ, ಒಬ್ಬಳೇ.
ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ
ಒಂದು ಚೀಲ ಕಾಡ್ ನಾಲಿಗೆ,
ಇಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಲಾಗೌಟ್. ಲಾಗಿನ್. ಕಿಟಕಿಗೆ ಜೀವ ಬಂತು.

ಒಳಗೆ ಬರುವ ಯಂತ್ರವನ್ನು ಅತಿಥಿ ಎಂದೇ ಕರೆಯುತ್ತಾರೆ.
ಅದಕ್ಕೆ ಎಷ್ಟು ಕೊಡುತ್ತೀ ಎಂದು ಕೇಳಿತು.
ಒಂದು ಗಿಗಾಬೈಟ್ ನೆನಪು, ಇಪ್ಪತ್ತರ ತಟ್ಟೆ, ಒಂದೇ ಪ್ರೊಸೆಸರ್;
ಲೋಕವೇ ಇಷ್ಟು ಅಂದುಕೊಂಡು ಇದ್ದುಬಿಡುತ್ತದೆ ಪಾಪ.
ಜಾಲ? ಅದು ಹೊರಗೆ ಹೋಗಬಹುದು,
ಹೊರಗಿನವರಿಗೆ ಅದರ ಮನೆ ಕಾಣದು.
ನಮ್ಮ ಸುರಂಗದ ಹಾಗೆ: ಕಡಲಡಿಯಲ್ಲಿ ಮೂರು ಕಿಲೋಮೀಟರು,
ಆಚೆ ದಡದವರಿಗೆ ನಾವೆಂದರೆ ಗುಡ್ಡದಲ್ಲೊಂದು ತೂತು.

ಕೊನೆಗೆ ತಕ್ಕಡಿಯ ತಂತಿ. ಅದನ್ನೂ ಒಳಗೆ ದಾಟಿಸಿದೆ.
ದಾಟಿಸಿದ ಕ್ಷಣದಿಂದ ಮನೆಯೊಡತಿಗೆ ಅದು ಇಲ್ಲ,
ಅತಿಥಿಗೆ ಮಾತ್ರ ಇದೆ.
ನನ್ನ ಎಡಗಾಲಿನ ಬೂಟು ತೆಗೆದು ತಟ್ಟೆಯ ಮೇಲಿಟ್ಟೆ.
ಒಂದು ಕಿಲೋ ನಲವತ್ತು ಗ್ರಾಂ.
ಜಾತಿ: ಕಾಡ್. ತಲೆ ತೆಗೆದದ್ದು.
ತೂಗಿದವರು: ಔನೆ.
ಒಂಟಿಕಾಲಲ್ಲಿ ನಿಂತು ಒಂದಿಷ್ಟು ಕುಣಿದೆ, ಯಾರೂ ನೋಡಲಿಲ್ಲ.

ಹಂಗಾಮಿನ ಮೊದಲ ದೋಣಿ ಐಲರ್ಟನದು.
ರಸೀದಿಯನ್ನು ದೀಪದ ಕೆಳಗೆ ಹಿಡಿದು
ಕನ್ನಡಕ ಹಣೆಗೇರಿಸಿ ಹೇಳಿದ,
ಔನೆ, ನಾನಿನ್ನೂ ಹಗ್ಗವೇ ಕಟ್ಟಿರಲಿಲ್ಲ,
ಆಗಲೇ ನನ್ನ ಮೀನು ತೂಗಿದ್ದೀಯಲ್ಲ!
ನೋಡಿದರೆ ಒಳಗಿನ ಗಡಿಯಾರ ಒಂದು ಗಂಟೆ ಹಿಂದೆ.
ಅತಿಥಿಗೆ ತಿಥಿಯಿಲ್ಲ ಅನ್ನುತ್ತಾರೆ;
ಇದಕ್ಕೆ ತಿಥಿ ಸರಿಯಾಗೇ ಇತ್ತು, ಗಳಿಗೆ ತಪ್ಪಿತ್ತು.
ಪೆನ್ನಿನಲ್ಲಿ ತಿದ್ದಿ ಕೊಟ್ಟೆ. ಮಡಚಿ ಜೇಬಿಗಿಟ್ಟ,
ನಗುತ್ತಲೇ ಹೋದ.

ಸೆಟ್ಟಿಂಗಿನಲ್ಲಿ ಒಂದು ಪದ ಬದಲಿಸಿದರೆ ಸಾಕು.
ನಾಳೆ ಬದಲಿಸುತ್ತೇನೆ.
ಬುಗೊಯ್ನೆಸ್‌ನಲ್ಲಿ ಅಜ್ಜಿ ಗೋಡೆಗಡಿಯಾರವನ್ನು
ಸಾಯುವವರೆಗೂ ಫಿನ್ಲೆಂಡಿನ ಹೊತ್ತಿಗೇ ಇಟ್ಟಿದ್ದಳು,
ಇಡೀ ಊರಿಗಿಂತ ಒಂದು ಗಂಟೆ ಮುಂದೆ.
ಹನ್ನೆರಡಕ್ಕೆ ಊಟಕ್ಕೆ ಬಾ ಅಂದರೆ
ಯಾವ ಹನ್ನೆರಡು ಅಂತ ಕೇಳಿಯೇ ಹೋಗಬೇಕಿತ್ತು.